ಕುಂಚ ಮತ್ತು ಕ್ಯಾನ್ವಾಸು: ನಕಲು ಚಿತ್ರಗಳ ಕುರಿತು ಓದುಗರ ಪ್ರಶ್ನೆಗಳು

ಪ್ರಸಿದ್ಧ ವರ್ಣಚಿತ್ರಗಳನ್ನು ಕ್ಯಾನ್ವಾಸಿನ ಮೇಲೆ ಕೈಯಿಂದಲೇ ಮರಳಿ ಬರೆಯುವ ಕೆಲಸದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವು ಕೊಳ್ಳುವವರವು, ಕೆಲವು ಕಲಿಯುವವರವು, ಒಂದೆರಡು ಮನೆಯಲ್ಲಿರುವ ಹಳೆಯ ಚಿತ್ರಗಳ ಬಗ್ಗೆ ಚಿಂತಿಸುತ್ತಿರುವವರವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹೊಸ ಮನೆಯ ಹಜಾರಕ್ಕೆ ವ್ಯಾನ್ ಗೋನ ‘ತಾರೆಗಳ ರಾತ್ರಿ’ಯ ನಕಲನ್ನು ಕೊಳ್ಳಬೇಕೆಂದಿದ್ದೇವೆ. ಅಂಗಡಿಯವರು ಕೈಯಿಂದ ಬರೆದದ್ದು ಎಂದು ತೋರಿಸಿದ ಚಿತ್ರ ನನಗೆ ಮುದ್ರಣದಂತೆ ಕಂಡಿತು. ಗುರುತಿಸುವುದು ಹೇಗೆ? ಆರು ಅಡಿ ಅಗಲದ್ದನ್ನು ಬರೆಸಬಹುದೇ? (ದಾವಣಗೆರೆ)

ನಿಮ್ಮ ಅನುಮಾನ ನಿಜವಾಗಿದ್ದರೂ ಆಶ್ಚರ್ಯವಿಲ್ಲ. ಮಾರುಕಟ್ಟೆಯಲ್ಲಿ ‘ಕ್ಯಾನ್ವಾಸ್ ಚಿತ್ರ’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಮೊದಲನೆಯದು ಇಂಕ್‌ಜೆಟ್ ಯಂತ್ರದಿಂದ ನೇರವಾಗಿ ಬಟ್ಟೆಯ ಮೇಲೆ ಅಚ್ಚಾದ ಚಿತ್ರ. ಎರಡನೆಯದು ಅದೇ ಅಚ್ಚಿನ ಮೇಲೆ ಬಣ್ಣವಿಲ್ಲದ ಅಂಟನ್ನು ಕುಂಚದಿಂದ ಸವರಿ, ಒಣಗಿದ ಮೇಲೆ ಕುಂಚದ ಗೆರೆಗಳು ಉಬ್ಬಿ ಕಾಣುವಂತೆ ಮಾಡಿದ್ದು. ಬಹುಪಾಲು ಜನ ಮೋಸಹೋಗುವುದು ಈ ಎರಡನೆಯದರಲ್ಲಿ. ಖಾಲಿ ಕ್ಯಾನ್ವಾಸಿನಿಂದ ಆರಂಭಿಸಿ ಕೊನೆಯ ಹೊಳಪಿನವರೆಗೆ ಒಬ್ಬ ಚಿತ್ರಕಾರ ಬಣ್ಣ ಬೆರೆಸಿ ಬರೆದದ್ದು ಮೂರನೆಯದು. ನೀವು ಹುಡುಕುತ್ತಿರುವುದು ಇದನ್ನು.

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಸಣ್ಣ ಮಸೂರವೊಂದು ಜೇಬಿನಲ್ಲಿರಲಿ. ಎರಡು ಬಣ್ಣಗಳು ಸೇರುವ ಜಾಗದಲ್ಲಿ ಅದನ್ನು ಹಿಡಿದರೆ ಮುದ್ರಣದಲ್ಲಿ ಸೂಕ್ಷ್ಮವಾದ ಬಣ್ಣದ ಚುಕ್ಕಿಗಳು ಕಾಣುತ್ತವೆ. ಕೈಯಿಂದ ಬರೆದದ್ದರಲ್ಲಿ ಒಂದು ಬಣ್ಣ ಇನ್ನೊಂದರ ಮೇಲೆ ಹರಿದ, ಒಂದನ್ನೊಂದು ಎಳೆದುಕೊಂಡ ಗುರುತುಗಳಿರುತ್ತವೆ. ಆಮೇಲೆ ಟಾರ್ಚಿನ ಬೆಳಕನ್ನು ಚಿತ್ರದ ಪಕ್ಕದಿಂದ, ಬಟ್ಟೆಗೆ ಬಹುತೇಕ ಸಮಾನಾಂತರವಾಗಿ ಬಿಡಿ. ಉಬ್ಬುಗಳು ಚಿತ್ರದ ಗೆರೆಗಳನ್ನೇ ಅನುಸರಿಸುತ್ತಿವೆಯೇ ಎಂದು ನೋಡಿ. ನಕ್ಷತ್ರದ ಸುತ್ತ ಬಣ್ಣವು ವರ್ತುಲವಾಗಿ ಸುತ್ತುತ್ತಿರುವಾಗ ಉಬ್ಬು ಮಾತ್ರ ಅಡ್ಡಡ್ಡಲಾಗಿ ಓಡುತ್ತಿದ್ದರೆ ಅದು ಅಚ್ಚಿನ ಮೇಲೆ ಬಳಿದ ಅಂಟು. ಚೌಕಟ್ಟಿನ ಪಕ್ಕಕ್ಕೆ ಮಡಚಿದ ಬಟ್ಟೆಯ ಅಂಚನ್ನೂ ನೋಡಿ. ಕೈಕೆಲಸದಲ್ಲಿ ಅಲ್ಲಿ ಬಣ್ಣ ಏರುಪೇರಾಗಿ ನಿಂತಿರುತ್ತದೆ, ಕೆಳಗಿನ ಬಿಳಿಯ ಲೇಪ ಇಣುಕುತ್ತದೆ.

ಇನ್ನು ಆರು ಅಡಿಯ ವಿಚಾರ. 1889ರ ಜೂನ್ ತಿಂಗಳಲ್ಲಿ, ದಕ್ಷಿಣ ಫ್ರಾನ್ಸಿನ ಸ್ಯಾಂ ರೆಮಿಯ ಚಿಕಿತ್ಸಾಲಯದಲ್ಲಿದ್ದಾಗ ವ್ಯಾನ್ ಗೋ ಬರೆದ ಆ ಚಿತ್ರ ಸುಮಾರು 74 ಸೆಂಟಿಮೀಟರ್ ಎತ್ತರ, 92 ಸೆಂಟಿಮೀಟರ್ ಅಗಲದ್ದು. ಈಗ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಆ ಆಕಾಶವನ್ನು ಕಟ್ಟಿರುವುದು ಅವನ ಮಣಿಕಟ್ಟಿನ ಚಲನೆಗೆ ದಕ್ಕುವಷ್ಟು ಉದ್ದದ ಕುಂಚದ ಹೊಡೆತಗಳು. ಕ್ಯಾನ್ವಾಸನ್ನು ಎರಡು ಪಟ್ಟು ಹಿಗ್ಗಿಸಿದಾಗ ನಕಲುಗಾರನ ಮುಂದೆ ಎರಡೇ ದಾರಿಗಳಿರುತ್ತವೆ. ಒಂದೊಂದು ಹೊಡೆತವನ್ನೂ ಎರಡು ಪಟ್ಟು ಮಾಡಿದರೆ ಮಣಿಕಟ್ಟಿನ ಕೆಲಸ ತೋಳಿನ ಕೆಲಸವಾಗಿ ಗೆರೆಯ ಬಿಗಿ ಸಡಿಲವಾಗುತ್ತದೆ; ಹೊಡೆತದ ಗಾತ್ರವನ್ನು ಹಾಗೆಯೇ ಉಳಿಸಿ ಸಂಖ್ಯೆಯನ್ನು ಹೆಚ್ಚಿಸಿದರೆ ಆಕಾಶ ಚದುರಿಹೋಗುತ್ತದೆ. ಆದ್ದರಿಂದ ಮೂಲದ ಅಳತೆಗೆ ಹತ್ತಿರವಾದದ್ದನ್ನೇ ಬರೆಸಿ, ಅದರ ಸುತ್ತ ಗೋಡೆಯನ್ನು ಖಾಲಿ ಬಿಡಿ. ದೊಡ್ಡ ಗೋಡೆಯೇ ತುಂಬಬೇಕೆಂದಿದ್ದರೆ ಮೂಲದಲ್ಲೇ ದೊಡ್ಡದಾಗಿರುವ ಚಿತ್ರವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಹತ್ತು ದಿನಗಳಲ್ಲಿ ದಪ್ಪ ತೈಲವರ್ಣದ ಚಿತ್ರವನ್ನು ಮನೆಗೆ ತಲುಪಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಂದು ಮಾತು ಕೇಳಿ: ಅದು ತೈಲವೋ, ಅಕ್ರಿಲಿಕ್ಕೋ? ಅಕ್ರಿಲಿಕ್ ಗಂಟೆಗಳಲ್ಲಿ ಒಣಗುತ್ತದೆ. ದಪ್ಪಗೆ ಇಟ್ಟ ತೈಲವರ್ಣ ಒಳಗಿನವರೆಗೂ ಗಟ್ಟಿಯಾಗಲು ತಿಂಗಳುಗಳೇ ಬೇಕು.

ಚೀನಾದ ಶೆನ್‌ಜೆನ್ ನಗರದ ದಾಫೆನ್ ಎಂಬ ಹಳ್ಳಿಯಿಂದ ತರಿಸಬಹುದೇ ಎಂದು ಬೇರೆ ಮೂವರು ಕೇಳಿದ್ದಾರೆ. 1989ರಲ್ಲಿ ಹಾಂಗ್‌ಕಾಂಗಿನ ಹುವಾಂಗ್ ಜಿಯಾಂಗ್ ಎಂಬ ಚಿತ್ರಕಾರ ಕೆಲವು ಕೆಲಸಗಾರರೊಂದಿಗೆ ಅಲ್ಲಿ ನೆಲೆಸಿ ನಕಲು ಚಿತ್ರಗಳ ರಫ್ತನ್ನು ಆರಂಭಿಸಿದ ಮೇಲೆ ಆ ಹಳ್ಳಿ ಸಾವಿರಾರು ಚಿತ್ರಕಾರರ ಊರಾಗಿ ಬೆಳೆಯಿತು. ಅಲ್ಲಿನವರ ಕೈಚಳಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದೇ ಚಿತ್ರವನ್ನು ವರ್ಷಗಟ್ಟಲೆ ಬರೆದವರ ಕೈಗೆ ಆ ಚಿತ್ರ ಗೊತ್ತಿರುತ್ತದೆ. ಆದರೆ ದೊಡ್ಡ ಬೇಡಿಕೆ ಬಂದಾಗ ಒಬ್ಬರು ಆಕಾಶವನ್ನು, ಇನ್ನೊಬ್ಬರು ಮನೆಗಳನ್ನು ಬರೆಯುವ ಪದ್ಧತಿಯೂ ಅಲ್ಲಿ ಬೆಳೆದಿದೆ. ಎಲ್ಲಿಂದಲೇ ಕೊಳ್ಳಿ, ಇಡೀ ಚಿತ್ರವನ್ನು ಒಬ್ಬರೇ ಬರೆಯುತ್ತಾರೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ರವಿವರ್ಮನ ‘ದೀಪ ಹಿಡಿದ ಮಹಿಳೆ’ಯ ತೈಲವರ್ಣದ ನಕಲನ್ನು ಮಗಳ ಮದುವೆಗೆ ಉಡುಗೊರೆಯಾಗಿ ಬರೆಸಬೇಕೆಂದಿದ್ದೇನೆ. ಎಂಥ ಚಿತ್ರಕಾರರನ್ನು ಹುಡುಕಬೇಕು? (ಹಾಸನ)

ಮೊದಲು ಎರಡು ತಿದ್ದುಪಡಿಗಳನ್ನು ಮಾಡಬೇಕು. ಆ ಚಿತ್ರ ರವಿವರ್ಮನದಲ್ಲ, ತೈಲವರ್ಣದ್ದೂ ಅಲ್ಲ. ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ್ದ ಎಸ್. ಎಲ್. ಹಳದಣಕರ್ ಅವರು 1940ರ ದಶಕದಲ್ಲಿ, ತಮ್ಮ ಮಗಳನ್ನೇ ರೂಪದರ್ಶಿಯಾಗಿ ನಿಲ್ಲಿಸಿ, ಕಾಗದದ ಮೇಲೆ ಜಲವರ್ಣದಲ್ಲಿ ಬರೆದ ಚಿತ್ರ ಅದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆದರೂ ನಮ್ಮ ನಾಡಿನ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಈ ಚಿತ್ರದ ಕೆಳಗೆ ರವಿವರ್ಮನ ಹೆಸರಿದೆ ಎಂಬುದು ನನಗೆ ನಿಜವಾದ ನೋವಿನ ಸಂಗತಿ. ಇಂಥ ಕೃತಿಯನ್ನು ಬರೆದ ಕೈಗೆ ಅದರ ಹೆಸರಾದರೂ ಸಲ್ಲಬೇಕು.

ಮಾಧ್ಯಮದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ದೀಪಕ್ಕೆ ಅಡ್ಡವಾಗಿ ಹಿಡಿದ ಅಂಗೈಯ ಬೆರಳುಗಳ ಸಂದಿನಲ್ಲಿ ಕೆಂಪಾಗಿ ಹೊಳೆಯುವ ಬೆಳಕನ್ನು ನೀವು ನೋಡಿರುತ್ತೀರಿ. ಜಲವರ್ಣದಲ್ಲಿ ಬೆಳಕು ಬರುವುದು ಕಾಗದದ ಬಿಳುಪಿನಿಂದ. ತೆಳುವಾದ ಬಣ್ಣದ ನೀರನ್ನು ಹಾಯ್ದು ಕಾಗದವೇ ಹೊಳೆಯುತ್ತದೆ, ಹೆಚ್ಚು ಬೆಳಕು ಬೇಕಾದಲ್ಲಿ ಚಿತ್ರಕಾರ ಕಾಗದವನ್ನು ಮುಟ್ಟದೆ ಉಳಿಸಿಕೊಳ್ಳುತ್ತಾನೆ. ತೈಲದಲ್ಲಿ ಬಿಳಿಯನ್ನು ಮೇಲೆ ಇಡಬೇಕಾಗುತ್ತದೆ. ಹಾಗಾಗಿ ಅದೇ ಚಿತ್ರವನ್ನು ತೈಲಕ್ಕೆ ತಂದಾಗ ಮುಖದ ಕಾಂತಿ ಸುಣ್ಣ ಬಳಿದಂತಾಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಒಳ್ಳೆಯ ಜಲವರ್ಣ ಕಲಾವಿದರನ್ನೇ ಹುಡುಕಿ. ಮನೆಯ ಉಡುಗೊರೆಗೆ ಬರೆಸುವುದು ಬೇರೆ, ಬರೆದು ಮಾರುವುದು ಬೇರೆ ಎಂಬುದೂ ತಿಳಿದಿರಲಿ: ಹಳದಣಕರ್ ಅವರು ನಿಧನರಾದದ್ದು 1968ರಲ್ಲಿ, ಆದ್ದರಿಂದ ಅವರ ಕೃತಿಗಳ ಹಕ್ಕುಸ್ವಾಮ್ಯ 2028ರ ಕೊನೆಯವರೆಗೂ ಊರ್ಜಿತದಲ್ಲಿರುತ್ತದೆ. ಹಣ ಕೊಟ್ಟು ಬರೆಸುವ ಮುನ್ನ ಹಕ್ಕುದಾರರ ಅನುಮತಿಯ ವಿಷಯವನ್ನು ಚಿತ್ರಕಾರರೊಂದಿಗೆ ಮಾತಾಡಿಕೊಳ್ಳಿ.

ಪ್ರಶ್ನೆ: ಚಿತ್ರಕಲಾ ಶಾಲೆಯಲ್ಲಿ ಓದುತ್ತಿರುವ ಮಗ ಮೂರು ತಿಂಗಳಿಂದ ಹಳೆಯ ಯುರೋಪಿಯನ್ ಚಿತ್ರವೊಂದನ್ನು ನಕಲು ಮಾಡುತ್ತ ಕುಳಿತಿದ್ದಾನೆ. ಬೇರೊಬ್ಬರದ್ದನ್ನು ನಕಲು ಮಾಡುವುದರಲ್ಲಿ ಏನು ಕಲಿಕೆ? ಇದು ಒಂದು ಬಗೆಯ ಕಳ್ಳತನವಲ್ಲವೇ? (ಧಾರವಾಡ)

ನಮ್ಮ ಭಾಷೆಯಲ್ಲೇ ಇದಕ್ಕೆ ಉತ್ತರವಿದೆ. ‘ನಕಲು’ ಬೇರೆ, ‘ನಕಲಿ’ ಬೇರೆ. ತಾಲ್ಲೂಕು ಕಚೇರಿಯಿಂದ ದಾಖಲೆಯ ನಕಲನ್ನು ತರುತ್ತೇವೆ. ಅದು ತನ್ನನ್ನು ನಕಲೆಂದೇ ಹೇಳಿಕೊಳ್ಳುವುದರಿಂದ ಅದಕ್ಕೆ ಮಾನ್ಯತೆಯಿದೆ. ತಾನೇ ಮೂಲವೆಂದು ಹೇಳಿಕೊಂಡಾಗ ಅದು ನಕಲಿಯಾಗುತ್ತದೆ. ಪಂಪನ ಸ್ವಹಸ್ತದ ಓಲೆ ನಮಗೆ ಉಳಿದಿಲ್ಲ. ತಲೆಮಾರುಗಳ ಲಿಪಿಕಾರರು ಪ್ರತಿ ಮಾಡಿದ್ದರಿಂದ ಆತನ ಕಾವ್ಯ ಉಳಿದಿದೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿ ಎಂದು ಕರೆಯುತ್ತೇವೆ.

ಚಿತ್ರಕಲೆಯಲ್ಲೂ ಹೀಗೆಯೇ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯ 1793ರಲ್ಲಿ ಬಾಗಿಲು ತೆರೆದಾಗಿನಿಂದಲೂ ಅಲ್ಲಿ ಚಿತ್ರಕಾರರು ಮೂಲದ ಮುಂದೆಯೇ ಹಲಗೆ ಹೂಡಿ ನಕಲು ಮಾಡುತ್ತ ಬಂದಿದ್ದಾರೆ. ಇಂದಿಗೂ ಅನುಮತಿ ಪಡೆದವರಿಗೆ ಅಲ್ಲಿ ಅವಕಾಶವಿದೆ. ಅದರ ನಿಯಮಗಳು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತವೆ: ನಕಲಿನ ಅಳತೆ ಮೂಲಕ್ಕಿಂತ ಕನಿಷ್ಠ ಐದನೆಯ ಒಂದು ಭಾಗದಷ್ಟು ದೊಡ್ಡದೋ ಚಿಕ್ಕದೋ ಆಗಿರಬೇಕು, ಮೂಲ ಕಲಾವಿದನ ಸಹಿಯನ್ನು ನಕಲು ಮಾಡುವಂತಿಲ್ಲ. ನಕಲು ನಕಲಿಯಾಗದಂತೆ ಹಾಕಿದ ಬೇಲಿ ಇದು. ದೆಗಾ, ಮಾನೆ ಇಬ್ಬರೂ ಅಲ್ಲಿ ನಕಲು ಮಾಡಿ ಕಲಿತವರು.

ಕಲಿಕೆ ಎಲ್ಲಿದೆ ಎಂದು ಕೇಳಿದ್ದೀರಿ. ರೂಬೆನ್ಸ್ 1628ರಲ್ಲಿ ಮ್ಯಾಡ್ರಿಡ್‌ಗೆ ಬಂದಾಗ ಅವನಿಗೆ ಐವತ್ತು ದಾಟಿತ್ತು, ಯುರೋಪಿನ ಅರಮನೆಗಳೆಲ್ಲ ಅವನ ಚಿತ್ರಗಳಿಗಾಗಿ ಕಾಯುತ್ತಿದ್ದವು. ಆ ವಯಸ್ಸಿನಲ್ಲಿ ಅವನು ಅಲ್ಲಿನ ರಾಜಸಂಗ್ರಹದಲ್ಲಿದ್ದ ಟಿಷಿಯನ್ನನ ಚಿತ್ರಗಳನ್ನು ಒಂದೊಂದಾಗಿ ನಕಲು ಮಾಡಿದ. ಅವುಗಳಲ್ಲಿ ‘ಆದಾಮ ಮತ್ತು ಹವ್ವ’ ಇಂದು ಮೂಲದೊಂದಿಗೆ ಪ್ರಾಡೊ ಸಂಗ್ರಹಾಲಯದಲ್ಲೇ ಇದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ರೂಬೆನ್ಸ್ ಆದಾಮನ ಭಂಗಿಯನ್ನು ಬದಲಿಸಿರುವುದೂ, ಮೂಲದಲ್ಲಿಲ್ಲದ ಗಿಳಿಯೊಂದನ್ನು ಮರದ ಮೇಲೆ ಕೂರಿಸಿರುವುದೂ ಕಾಣುತ್ತದೆ. ವ್ಯಾನ್ ಗೋ ಸ್ಯಾಂ ರೆಮಿಯಲ್ಲಿದ್ದಾಗ ಫ್ರೆಂಚ್ ಚಿತ್ರಕಾರ ಮಿಲೆಯ ರೈತಚಿತ್ರಗಳ ಕಪ್ಪುಬಿಳುಪು ಅಚ್ಚುಗಳನ್ನು ಮುಂದಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ಬಣ್ಣದಲ್ಲಿ ಬರೆದ. ಸಂಗೀತಗಾರನೊಬ್ಬ ಬೇಥೊವನ್ನನ ರಚನೆಯನ್ನು ನುಡಿಸುವುದಕ್ಕೆ ಅವನು ಈ ಕೆಲಸವನ್ನು ತಮ್ಮನಿಗೆ ಬರೆದ ಕಾಗದದಲ್ಲಿ ಹೋಲಿಸಿದ್ದಾನೆ. ಪುರಂದರದಾಸರ ಪದವನ್ನು ಹಾಡುವವರನ್ನು ನಾವು ಕಳ್ಳರೆನ್ನುವುದಿಲ್ಲ. ಬರಿಯ ಕಣ್ಣಿನಿಂದ ನೋಡಿದಾಗ ‘ನೆರಳು ಕಂದು ಬಣ್ಣದ್ದು’ ಎಂದುಕೊಂಡಿದ್ದನ್ನು ನಿಮ್ಮ ಮಗ ಬೆರೆಸಲು ಹೊರಟಾಗ ಅದರಲ್ಲಿ ಹಸಿರಿದೆ, ನೇರಳೆಯಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಆ ಮೂರು ತಿಂಗಳಲ್ಲಿ ಅವನು ಒಂದು ಚಿತ್ರವನ್ನು ನೋಡಿದಷ್ಟು ದೀರ್ಘವಾಗಿ ನಾವು ಜೀವಮಾನದಲ್ಲಿ ಯಾವ ಚಿತ್ರವನ್ನೂ ನೋಡಿರುವುದಿಲ್ಲ.

ನಕಲು ಮೂಲವನ್ನೇ ಕಾಪಾಡಿದ ಉದಾಹರಣೆಗಳೂ ಇವೆ. ಲಿಯೊನಾರ್ಡೊ ಮಿಲಾನಿನ ಮಠವೊಂದರ ಊಟದ ಮನೆಯ ಗೋಡೆಯ ಮೇಲೆ 1498ರ ಸುಮಾರಿಗೆ ಮುಗಿಸಿದ ‘ಕೊನೆಯ ಭೋಜನ’ವನ್ನು ಒಣ ಗಾರೆಯ ಮೇಲೆ ಬರೆದಿದ್ದರಿಂದ ಅದು ಅವನ ಕಾಲದಲ್ಲೇ ಉದುರತೊಡಗಿತು, 1652ರಲ್ಲಿ ಅದೇ ಗೋಡೆಯಲ್ಲಿ ಬಾಗಿಲು ತೆಗೆದಾಗ ಕ್ರಿಸ್ತನ ಪಾದಗಳು ಹೋಗಿಯೇಬಿಟ್ಟವು. ಅವನ ಶಿಷ್ಯ ವರ್ಗದ ಜ್ಯಾಂಪಿಯೆತ್ರಿನೊ 1520ರ ಸುಮಾರಿಗೆ ಕ್ಯಾನ್ವಾಸಿನ ಮೇಲೆ ಬರೆದ ದೊಡ್ಡ ನಕಲಿನಲ್ಲಿ ಆ ಪಾದಗಳೂ, ಯೂದನ ಕೈ ತಗುಲಿ ಉರುಳಿದ ಉಪ್ಪಿನ ಪಾತ್ರೆಯೂ ಇವೆ. 1978ರಿಂದ 1999ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಈ ನಕಲು ತಜ್ಞರಿಗೆ ದಾರಿ ತೋರಿತು. ರೆಂಬ್ರಾಂಟ್‌ನ ‘ರಾತ್ರಿಯ ಪಹರೆ’ಯದೂ ಇಂಥದೇ ಕಥೆ. 1715ರಲ್ಲಿ ಆಮ್‌ಸ್ಟರ್‌ಡಾಮಿನ ಪುರಭವನದ ಗೋಡೆಗೆ ಹೊಂದಿಸಲು ಅದರ ನಾಲ್ಕೂ ಅಂಚುಗಳನ್ನು ಕತ್ತರಿಸಿ ಹಾಕಿದರು. ಹೋದ ಭಾಗದಲ್ಲಿ ಏನಿತ್ತೆಂದು ನಮಗೆ ತಿಳಿದಿರುವುದು, ಕತ್ತರಿಸುವ ಮುನ್ನವೇ ಲುಂಡೆನ್ಸ್ ಎಂಬವನು ಬರೆದಿಟ್ಟ ಚಿಕ್ಕ ನಕಲಿನಿಂದ. 2021ರಲ್ಲಿ ರಿಜ್ಕ್ಸ್ ಮ್ಯೂಸಿಯಮ್ ಕಳೆದುಹೋದ ಪಟ್ಟಿಗಳನ್ನು ಕಂಪ್ಯೂಟರಿನ ನೆರವಿನಿಂದ ಮರುರಚಿಸಿದಾಗ ಆಧಾರವಾದದ್ದೂ ಅದೇ.

ನಮ್ಮವರ ಪಾಲೂ ಇದೆ. ಅಜಂತಾದ ಗೋಡೆಚಿತ್ರಗಳನ್ನು ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಗಿಲ್ ವರ್ಷಗಟ್ಟಲೆ ಕುಳಿತು ಕ್ಯಾನ್ವಾಸಿಗೆ ಇಳಿಸಿದ. ಅವುಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಯಲ್ಲಿ ಸುಟ್ಟುಹೋದವು. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಯ ಗ್ರಿಫಿತ್ಸ್ ಮತ್ತು ವಿದ್ಯಾರ್ಥಿಗಳು ಮತ್ತೆ ನಕಲು ಮಾಡಿದರೆ ಅವುಗಳಲ್ಲೂ ಅನೇಕವು 1885ರಲ್ಲಿ ಲಂಡನ್ನಿನಲ್ಲೇ ಇನ್ನೊಂದು ಬೆಂಕಿಗೆ ತುತ್ತಾದವು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ಚಿತ್ರಕಾರ್ತಿ ಶ್ರೀಮತಿ ಹೆರಿಂಗ್‌ಹ್ಯಾಮ್ ಮೂರನೆಯ ಸಲ ಈ ಕೆಲಸಕ್ಕೆ ಹೊರಟಾಗ ಅವರ ಜೊತೆ ಗುಹೆಗಳಲ್ಲಿ ಕುಳಿತು ನಕಲು ಮಾಡಿದ ತರುಣರಲ್ಲಿ ನಂದಲಾಲ್ ಬೋಸ್ ಇದ್ದರು, ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ನಿಮ್ಮ ಮಗ ಕುಳಿತಿರುವುದು ಇವರ ಸಾಲಿನಲ್ಲಿ. ಅವನನ್ನು ಎಬ್ಬಿಸಬೇಡಿ.

ಪ್ರಶ್ನೆ: ವರ್ಮೀರನ ‘ಮುತ್ತಿನ ಓಲೆಯ ಹುಡುಗಿ’ಯನ್ನು ಮೊಬೈಲಿನಲ್ಲಿ ನೋಡಿಕೊಂಡು ತೈಲವರ್ಣದಲ್ಲಿ ಬರೆಯುತ್ತಿದ್ದೇನೆ. ಬಣ್ಣ ಹೊಂದುತ್ತಿಲ್ಲ, ಮುಖ ಚಪ್ಪಟೆಯಾಗುತ್ತಿದೆ. ಕ್ರಮವೇನು? (ತುಮಕೂರು)

ಮೊಬೈಲಿನಿಂದ ಬರೆಯಬೇಡಿ. ನಾನು ಕಲಾಶಾಲೆಯಲ್ಲಿದ್ದಾಗ ಪುರಾಣ ಚಿತ್ರವೊಂದನ್ನು ಕ್ಯಾಲೆಂಡರಿನಿಂದ ನಕಲು ಮಾಡಿ, ಎಲ್ಲ ಕಡೆ ಹಳದಿ ತುಂಬಿ, ತಿಂಗಳುಗಳ ನಂತರ ಮೂಲವನ್ನು ಕಂಡಾಗ ನನ್ನ ಹಳದಿಯೆಲ್ಲ ಮುದ್ರಕನ ಶಾಯಿಯದೆಂದು ತಿಳಿದು ಇಡೀ ಕ್ಯಾನ್ವಾಸನ್ನು ಹೊಸದಾಗಿ ಬರೆದಿದ್ದೇನೆ. ಈ ಚಿತ್ರವಿರುವುದು ಹೇಗ್ ನಗರದ ಮೌರಿಟ್ಸ್‌ಹೌಸಿನಲ್ಲಿ. ಆ ಸಂಗ್ರಹಾಲಯವೇ ತನ್ನ ಜಾಲತಾಣದಲ್ಲಿ ಒಳ್ಳೆಯ ಗುಣಮಟ್ಟದ ಛಾಯಾಚಿತ್ರವನ್ನು ಇಟ್ಟಿದೆ, ಸೂಕ್ಷ್ಮದರ್ಶಕದ ಕೆಳಗೆ ಸುಮಾರು 1000 ಕೋಟಿ ಪಿಕ್ಸೆಲ್‌ಗಳಲ್ಲಿ ತೆಗೆದ ಚಿತ್ರವನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಅದನ್ನು ದೊಡ್ಡ ಪರದೆಯಲ್ಲಿ ನೋಡಿ. ಮೂಲ 44.5 ಸೆಂಟಿಮೀಟರ್ ಎತ್ತರ, 39 ಸೆಂಟಿಮೀಟರ್ ಅಗಲದ ಚಿಕ್ಕ ಚಿತ್ರವೆಂಬುದೂ ನೆನಪಿರಲಿ.

ಕ್ಯಾನ್ವಾಸಿಗೆ ಮೊದಲು ಅಂಟಿನ ಲೇಪವನ್ನೂ ಆಮೇಲೆ ಗೆಸ್ಸೊ ಎಂಬ ಬಿಳಿಯ ಲೇಪವನ್ನೂ ಕೊಡಿ. ಅಂಟಿಲ್ಲದಿದ್ದರೆ ಬಣ್ಣದ ಎಣ್ಣೆ ಬಟ್ಟೆಯ ನಾರಿಗೆ ಇಳಿದು ವರ್ಷಗಳಲ್ಲಿ ಅದನ್ನು ಕೊಳೆಸುತ್ತದೆ. ಬಿಳಿಯ ಕ್ಯಾನ್ವಾಸಿನ ಮೇಲೆ ನೇರವಾಗಿ ಆರಂಭಿಸದೆ, ತೆಳುವಾದ ಕಂದುಬಣ್ಣವನ್ನು ಒರೆಸಿ ನೆಲವನ್ನು ಸಿದ್ಧಮಾಡಿಕೊಳ್ಳಿ. ಮೂಲದ ಛಾಯಾಚಿತ್ರದ ಮೇಲೂ ಕ್ಯಾನ್ವಾಸಿನ ಮೇಲೂ ಒಂದೇ ಪ್ರಮಾಣದ ಚೌಕಗಳನ್ನು ಎಳೆದು ರೇಖಾಚಿತ್ರವನ್ನು ಸಾಗಿಸಿ. ಮುಖ ಚಪ್ಪಟೆಯಾಗುತ್ತಿರುವುದಕ್ಕೆ ಕಾರಣ ನೀವು ಮೊದಲಿನಿಂದಲೇ ಮೈಬಣ್ಣವನ್ನು ಹುಡುಕುತ್ತಿರುವುದು ಎಂದು ನನ್ನ ಊಹೆ. ಕಂದು, ಕಪ್ಪು, ಬಿಳಿಗಳಲ್ಲೇ ಇಡೀ ಮುಖದ ಬೆಳಕು ನೆರಳನ್ನು ಮೊದಲು ಮುಗಿಸಿ, ಒಣಗಲು ಬಿಡಿ, ಆಮೇಲೆ ತೆಳುವಾದ ಬಣ್ಣದ ಪದರಗಳನ್ನು ಮೇಲೆ ಹಾಯಿಸಿ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆಯ ಅಂಶ ಹೆಚ್ಚಿರಬೇಕು. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಮೇಲಿನದು ಮೊದಲು ಬಿಗಿದು ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಬಿರುಕು ಖಂಡಿತ.

ವರ್ಮೀರ್ ಬಳಸಿದ ಸೀಸದ ಬಿಳಿ ವಿಷಕಾರಿ, ಅದರ ಗೋಜಿಗೆ ಹೋಗಬೇಡಿ. ಟೈಟೇನಿಯಂ ಬಿಳಿ ಅದಕ್ಕಿಂತ ತಣ್ಣಗೆ, ಮುಚ್ಚುವ ಗುಣ ಹೆಚ್ಚು. ಚೂರು ಹಳದಿ ಕಾವಿಯನ್ನು ಬೆರೆಸಿಕೊಳ್ಳಿ. ರುಮಾಲಿನ ನೀಲಿ, ಲಾಜವರ್ದದ ಕಲ್ಲನ್ನು ಅರೆದು ತೆಗೆದ ಅಲ್ಟ್ರಾಮರೀನ್. ಇಂದಿನ ಕೃತಕ ಅಲ್ಟ್ರಾಮರೀನ್ ನಮಗೆ ಸಾಕು. ಮುತ್ತಿಗೆ ಬಾಹ್ಯರೇಖೆಯನ್ನು ಎಳೆಯಲೇಬೇಡಿ. ಅಲ್ಲಿರುವುದು ಮೇಲ್ಭಾಗದಲ್ಲಿ ಒಂದು ದಟ್ಟ ಬಿಳಿಯ ಸ್ಪರ್ಶ, ಕೆಳಗೆ ಕೊರಳಪಟ್ಟಿಯ ಮಸುಕಾದ ಪ್ರತಿಫಲನ, ಅಷ್ಟೇ. ಕಿವಿಗೆ ತೂಗುವ ಕೊಂಡಿಯೂ ಇಲ್ಲ.

ಹಿನ್ನೆಲೆಯ ಬಗ್ಗೆ ನೀವೇ ನಿರ್ಧರಿಸಬೇಕಾದ ಒಂದು ಸಂಗತಿಯಿದೆ. ಇಂದು ಕಪ್ಪಾಗಿ ಕಾಣುವ ಆ ಹಿನ್ನೆಲೆ 1665ರ ಸುಮಾರಿಗೆ ವರ್ಮೀರ್ ಬರೆದಾಗ ಹೊಳೆಯುವ ಹಸಿರು ಪರದೆಯಾಗಿತ್ತು. ನೀಲಿ ಮತ್ತು ಹಳದಿ ಸಸ್ಯವರ್ಣಗಳು ಕಾಲಕ್ರಮೇಣ ಮಾಸಿಹೋಗಿವೆ. ಇಂದಿನ ಚಿತ್ರವನ್ನು ನಕಲು ಮಾಡುವುದೋ ಅಂದಿನ ಚಿತ್ರವನ್ನೋ? ನಾನು ವಿದ್ಯಾರ್ಥಿಗಳಿಗೆ ಇಂದಿನದನ್ನೇ ಬರೆಯಲು ಹೇಳುತ್ತೇನೆ, ಏಕೆಂದರೆ ಕಣ್ಣಿಗೆ ಕಾಣುವುದು ಅದು, ಅಂದಿನದು ಊಹೆ. ಮುಗಿದ ಮೇಲೆ ವಾರ್ನಿಶಿಗೆ ಕನಿಷ್ಠ ಆರು ತಿಂಗಳು ಕಾಯಿರಿ.

ಪ್ರಶ್ನೆ: ಕೆ. ಕೆ. ಹೆಬ್ಬಾರರ ಚಿತ್ರಗಳನ್ನು ನಕಲು ಮಾಡಿ ಮಾರಬಹುದೇ? (ಉಡುಪಿ)

ಹಕ್ಕುದಾರರ ಅನುಮತಿಯಿಲ್ಲದೆ ಮಾರುವಂತಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದನ ಜೀವಿತಾವಧಿ, ಆಮೇಲೆ ನಿಧನದ ಮರುವರ್ಷದ ಆರಂಭದಿಂದ 60 ವರ್ಷ ರಕ್ಷಣೆಯಿರುತ್ತದೆ. ಹೆಬ್ಬಾರರು 1996ರಲ್ಲಿ ತೀರಿಕೊಂಡಿದ್ದರಿಂದ ಅವರ ಕೃತಿಗಳು 2056ರ ಕೊನೆಯವರೆಗೆ ರಕ್ಷಿತ. 1973ರಲ್ಲಿ ನಿಧನನಾದ ಪಿಕಾಸೊನ ಕೃತಿಗಳಿಗೂ ಇಲ್ಲಿ 2033ರವರೆಗೆ ರಕ್ಷಣೆಯಿದೆ. ರವಿವರ್ಮ, ವ್ಯಾನ್ ಗೋ, 1941ರಲ್ಲಿ ತೀರಿಕೊಂಡ ಅಮೃತಾ ಶೇರ್‌ಗಿಲ್ ಮುಂತಾದವರ ಕೃತಿಗಳ ಅವಧಿ ಮುಗಿದಿದೆ. ಸ್ವಂತ ಅಭ್ಯಾಸಕ್ಕೆಂದು ಮನೆಯಲ್ಲಿ ಬರೆದುಕೊಳ್ಳುವುದಕ್ಕೆ ಕಾಯ್ದೆ ಅಡ್ಡಿಪಡಿಸುವುದಿಲ್ಲ. ಯಾವುದೇ ಚಿತ್ರವಾಗಲಿ, ಮೂಲ ಕಲಾವಿದನ ಸಹಿಯನ್ನು ಮಾತ್ರ ಹಾಕಬೇಡಿ. ಕ್ಯಾನ್ವಾಸಿನ ಹಿಂದೆ ಮೂಲ ಕೃತಿಯ ಹೆಸರು, ಕಲಾವಿದನ ಹೆಸರು, ‘ಇದು ನಕಲು’ ಎಂಬ ಮಾತು, ನಿಮ್ಮ ಹೆಸರು, ತಾರೀಖನ್ನು ಅಳಿಯದ ಶಾಯಿಯಲ್ಲಿ ಬರೆಯಿರಿ. ಚೌಕಟ್ಟಿನ ಮೇಲೆ ಬರೆದರೆ ಸಾಲದು, ಚೌಕಟ್ಟು ಬದಲಾಗುತ್ತದೆ.

ಪ್ರಶ್ನೆ: ಅಜ್ಜಿಯ ಮನೆಯ ಅಟ್ಟದಲ್ಲಿ ರವಿವರ್ಮನ ಲಕ್ಷ್ಮಿಯ ಹಳೆಯ ಚಿತ್ರವೊಂದು ಸಿಕ್ಕಿದೆ. ಮುಟ್ಟಿದರೆ ಕ್ಯಾನ್ವಾಸಿನ ನೇಯ್ಗೆಯಂತೆ ತಗಲುತ್ತದೆ. ಸೀರೆಯ ಭಾಗಕ್ಕೆ ಜರಿಬಟ್ಟೆ ಅಂಟಿಸಿದ್ದಾರೆ. ಮೂಲ ಚಿತ್ರವಿರಬಹುದೇ? (ಶಿರಸಿ)

ನೀವು ವಿವರಿಸಿದ್ದನ್ನು ನೋಡಿದರೆ ಅದು ಒಲಿಯೊಗ್ರಾಫ್, ಅಂದರೆ ಕಲ್ಲಚ್ಚಿನ ಬಣ್ಣದ ಮುದ್ರಣ. ತನ್ನ ಚಿತ್ರಗಳು ಅರಮನೆಗಳಲ್ಲೇ ಉಳಿಯಬಾರದೆಂದು ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ. ಅದು ಮುಂದೆ ಲೋಣಾವಳದ ಹತ್ತಿರದ ಮಳವಳಿಗೆ ಸ್ಥಳಾಂತರವಾಗಿ, ಜರ್ಮನ್ ತಂತ್ರಜ್ಞ ಶ್ಲೈಶರನ ಕೈಸೇರಿತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನಂತೆ ಒಂದರ ಮೇಲೊಂದು ಅಚ್ಚೊತ್ತಿ, ಮೇಲೆ ವಾರ್ನಿಶ್ ಬಳಿದು, ಎಷ್ಟೋ ಸಲ ಕಾಗದದ ಮೇಲೆ ಕ್ಯಾನ್ವಾಸಿನ ನೇಯ್ಗೆಯನ್ನೂ ಒತ್ತುತ್ತಿದ್ದರು. ತೈಲಚಿತ್ರವನ್ನು ಕೊಳ್ಳಲಾಗದ ಮನೆಗೆ ತೈಲಚಿತ್ರದ ಅನುಭವವನ್ನು ತಲುಪಿಸುವ ಪ್ರಯತ್ನವದು. ಕೆಳಗಿನ ಅಂಚಿನಲ್ಲಿ ಮುದ್ರಣಾಲಯದ ಹೆಸರು ಇದೆಯೇ ನೋಡಿ, ಹಿಂಬದಿ ಕಾಗದವೋ ಬಟ್ಟೆಯೋ ನೋಡಿ. ಜರಿ, ಮಣಿ, ಚಮಕಿಗಳನ್ನು ಅಂಟಿಸಿ ದೇವಿಗೆ ಸೀರೆ ಉಡಿಸುವುದು ಅಂದಿನ ಹೆಣ್ಣುಮಕ್ಕಳ ಪ್ರೀತಿಯ ಕೆಲಸವಾಗಿತ್ತು; ದಯವಿಟ್ಟು ಅದನ್ನು ಕಿತ್ತು ‘ಸರಿಪಡಿಸಬೇಡಿ’. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಅಜ್ಜಿಯ ಕೈಯ ಗುರುತು ಇರುವುದು ಆ ಜರಿಯಲ್ಲಿ, ನನ್ನ ಮಟ್ಟಿಗೆ ಆ ಚಿತ್ರದ ಬೆಲೆಯೂ ಅದರಲ್ಲೇ ಇದೆ.

ಪ್ರಶ್ನೆ: ಊರಿಗೆ ಬಂದಾಗ ರವಿವರ್ಮನ ಚಿತ್ರದ ಹೊಸ ನಕಲೊಂದನ್ನು ಬರೆಸಿ ಇಲ್ಲಿಗೆ ತರಬೇಕೆಂದಿದ್ದೇನೆ. ತೊಂದರೆಯಾಗುತ್ತದೆಯೇ? ಸುರುಳಿ ಸುತ್ತಬಹುದೇ? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ರವಿವರ್ಮನ ಮೂಲಕೃತಿಗಳು 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಕಲಾನಿಧಿಗಳೆಂದು ಘೋಷಿತವಾಗಿವೆ, ಅವುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹೊಸ ನಕಲಿಗೆ ಆ ನಿರ್ಬಂಧವಿಲ್ಲ. ಆದರೆ ಅದು ಹೊಸದೆಂದು ತೋರಿಸುವ ಹೊಣೆ ನಿಮ್ಮದು. ಚಿತ್ರಕಾರರ ಸಹಿಯಿರುವ ರಸೀದಿ, ಬರೆಯುತ್ತಿರುವಾಗ ತೆಗೆದ ಕೆಲವು ಛಾಯಾಚಿತ್ರಗಳು, ಹಿಂಬದಿಯ ಬರಹ, ಇವು ಜೊತೆಗಿರಲಿ. ಸುತ್ತುವಾಗ ಬಣ್ಣದ ಬದಿ ಹೊರಗಿರಬೇಕು. ಒಳಗಿಟ್ಟರೆ ಬಣ್ಣದ ಪದರ ಒಂದನ್ನೊಂದು ಒತ್ತಿ ಸುಕ್ಕುಗಟ್ಟುತ್ತದೆ, ಬಿಚ್ಚುವಾಗ ಏಳುತ್ತದೆ. ಕೊಳವೆ ಅಗಲವಾದಷ್ಟೂ ಒಳ್ಳೆಯದು. ಬರೆಸಿದ ವಾರದಲ್ಲೇ ಸುತ್ತಬೇಡಿ. ರಜೆಯ ಕೊನೆಗೆ ಬರೆಸುವ ಬದಲು ಈ ಸಲ ಬಂದಾಗ ಹೇಳಿ, ಮುಂದಿನ ಸಲ ಬಂದಾಗ ಒಯ್ಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮನೆಯ ಕ್ಯಾನ್ವಾಸ್ ಚಿತ್ರ ಜೋಲುತ್ತದೆ, ಹಿಂದೆ ಬೂಸು ಹಿಡಿಯುತ್ತದೆ. ಏನು ಮಾಡಲಿ? (ಸಾಗರ)

ಹತ್ತಿಯ ಬಟ್ಟೆಯೂ ಮರದ ಚೌಕಟ್ಟೂ ತೇವವನ್ನು ಹೀರಿ ಬಿಡುತ್ತ ಹಿಗ್ಗಿ ಕುಗ್ಗುತ್ತವೆ. ಚೌಕಟ್ಟಿನ ಒಳಮೂಲೆಗಳಲ್ಲಿ ಸಣ್ಣ ಮರದ ಬೆಣೆಗಳಿದ್ದರೆ ಅವುಗಳನ್ನು ಹಗುರವಾಗಿ ತಟ್ಟಿದರೆ ಬಟ್ಟೆ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಬಿಗಿಮಾಡಿ ಬೇಸಿಗೆಯಲ್ಲಿ ಹರಿಸಿಕೊಳ್ಳಬೇಡಿ, ಒಣ ದಿನಗಳಿಗಾಗಿ ಕಾಯಿರಿ. ಮಳೆ ಬಡಿಯುವ ಹೊರಗೋಡೆಯಿಂದ ಚಿತ್ರವನ್ನು ಒಳಗೋಡೆಗೆ ಸರಿಸಿ, ಹಿಂದಿನ ನಾಲ್ಕು ಮೂಲೆಗೂ ಕಾರ್ಕಿನ ತುಂಡುಗಳನ್ನು ಅಂಟಿಸಿ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುವಂತೆ ಮಾಡಿ. ಬೂಸನ್ನು ಒಣ ದಿನದಲ್ಲಿ, ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೃದುವಾದ ಕುಂಚದಿಂದ ಹಿಂಬದಿಯಲ್ಲಿ ಮಾತ್ರ ಕೊಡವಿ. ನೆಲ ಒರೆಸುವ ದ್ರಾವಣಗಳನ್ನು ಹತ್ತಿರಕ್ಕೂ ತರಬೇಡಿ. ತೈಲಚಿತ್ರವನ್ನು ಕತ್ತಲೆ ಕೋಣೆಯಲ್ಲಿ ಮುಚ್ಚಿಡುವುದೂ ಸರಿಯಲ್ಲ. ಬೆಳಕಿಲ್ಲದೆ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ.

ತೇವದಿಂದ ಕೆಟ್ಟ ಚಿತ್ರಗಳಲ್ಲಿ ವ್ಯಾನ್ ಗೋನ ‘ಮಲಗುವ ಕೋಣೆ’ಯೂ ಒಂದು. 1888ರ ಅಕ್ಟೋಬರಿನಲ್ಲಿ ಆರ್ಲ್ಸಿನಲ್ಲಿ ಬರೆದ ಆ ಚಿತ್ರ, ಅವನು ಆಸ್ಪತ್ರೆಯಲ್ಲಿದ್ದಾಗ ಮನೆಗೆ ತೇವ ಹೊಕ್ಕು ಹಾಳಾಗತೊಡಗಿತು. ದುರಸ್ತಿಗೆ ಕೊಡುವ ಮುನ್ನ ಒಂದು ನಕಲನ್ನು ಮಾಡಿಕೊ ಎಂದು ತಮ್ಮ ಥಿಯೊ ಸಲಹೆ ಕೊಟ್ಟ. 1889ರ ಸೆಪ್ಟೆಂಬರಿನಲ್ಲಿ ವ್ಯಾನ್ ಗೋ ತನ್ನದೇ ಚಿತ್ರವನ್ನು ಅದೇ ಅಳತೆಯಲ್ಲಿ ಮತ್ತೆ ಬರೆದ, ತಾಯಿಗೂ ತಂಗಿಗೂ ಎಂದು ಚಿಕ್ಕದೊಂದನ್ನು ಬರೆದ. ಮೊದಲನೆಯದು ಇಂದು ಆಮ್‌ಸ್ಟರ್‌ಡಾಮಿನಲ್ಲಿದೆ, ಎರಡನೆಯದು ಶಿಕಾಗೋದಲ್ಲಿ, ಚಿಕ್ಕದು ಪ್ಯಾರಿಸಿನಲ್ಲಿ. ನಿಮ್ಮ ಚಿತ್ರದಲ್ಲಿ ಬಣ್ಣ ಏಳತೊಡಗಿದ್ದರೆ ನೀವೂ ಮೊದಲು ಹಗಲು ಬೆಳಕಿನಲ್ಲಿ ಅದರ ಸ್ಪಷ್ಟವಾದ ಛಾಯಾಚಿತ್ರಗಳನ್ನು ತೆಗೆಸಿ, ಬರೆದ ಚಿತ್ರಕಾರರು ಹತ್ತಿರದಲ್ಲಿದ್ದರೆ ಅವರಿಗೇ ತೋರಿಸಿ.